ಸಂಘ ಯಾರದು?

(ಸಂಘದ ವಾರ್ಷಿಕೋತ್ಸವದ ಮೊದಲನೆಯ ದಿನ ಸಾಯಂಕಾಲ ಮಾಡಿದ ಭಾಷಣ)



ಈ ಸಮಾರಂಭದಲ್ಲಿ ನಾಲ್ಕು ಮಾತುಗಳನ್ನಾಡಬೇಕೆಂದು ತಮ್ಮ ಸಂಘದ ಕಾರ್ಯದರ್ಶಿಗಳು ಪತ್ರ ಬರೆದಾಗ ವಿಷಯವನ್ನು ನನ್ನ ಇಚ್ಛೆಗೇ ಬಿಟ್ಟಿದ್ದರು. ಗಡಿನಾಡಿನ ಸಂಘದ ಉತ್ಸವಕ್ಕೆ ಬಂದ ಭಾಷಣಕಾರನಿಂದ ಜನ ಏನನ್ನು ಅಪೇಕ್ಷಿಸುವರೆಂಬುದು ನನಗೆ ತಿಳಿಯದ ಸಂಗತಿಯಲ್ಲ. ಕನ್ನಡದ ಪ್ರಾಚೀನತೆ, ಕನ್ನಡಿಗರ ಶೌರ್ಯ, ಔದಾರ್ಯ ಇವುಗಳ ವರ್ಣನೆಯಿಂದ ಆರಂಭಿಸಿ ನಮಗಾದ ಅನ್ಯಾಯಗಳ ಪಟ್ಟಿಯಿಂದ ಮುಗಿಸಿದರೆ ಚಪ್ಪಾಳೆಗೆ ಕೊರತೆಯಾಗದು. ಅಂಥ ಭಾಷಣಗಳನ್ನು ನಾನೂ ಬೇಕಾದಷ್ಟು ಮಾಡಿದವನೆ. ಇಂದು ಮಾತ್ರ ತಮ್ಮ ಅಪ್ಪಣೆ ಪಡೆದು, ಅಷ್ಟೊಂದು ರಸವತ್ತಲ್ಲದ ಒಂದು ವಿಷಯವನ್ನು ಎತ್ತಿಕೊಂಡಿದ್ದೇನೆ. ಸಂಘವನ್ನು ನಡೆಸುವುದು ಹೇಗೆ, ನಡೆಸುವವರು ಯಾರು, ಕಟ್ಟಕಡೆಗೆ ಅದು ಯಾರದು ಎಂಬುದೇ ಆ ವಿಷಯ. ವರ್ಗಣಿ, ಪಾವತಿ, ಠರಾವು, ಜಮಾಖರ್ಚು ಎಂಬ ಶಬ್ದಗಳು ನನ್ನ ಮಾತಿನಲ್ಲಿ ಮೇಲಿಂದ ಮೇಲೆ ಬಂದರೆ ತಾವು ಬೇಸರಿಸಬಾರದು.

ಗಡಿಯ ಈಚೆಗಿರುವ ನಮ್ಮಂಥವರಿಗೆ ಸಂಘವೆಂಬುದು ವಿರಾಮಕಾಲದ ವಿನೋದವಲ್ಲ. ಬೆಂಗಳೂರಿನಲ್ಲಿಯೋ ಧಾರವಾಡದಲ್ಲಿಯೋ ಒಂದು ಸಾಹಿತ್ಯ ಸಂಘ ಮುಚ್ಚಿಹೋದರೆ ಅಲ್ಲಿಯ ಕನ್ನಡಕ್ಕೆ ಅಷ್ಟೇನೂ ಧಕ್ಕೆಯಾಗುವುದಿಲ್ಲ. ಕಚೇರಿಯಿದೆ, ನ್ಯಾಯಾಲಯವಿದೆ, ವಿಶ್ವವಿದ್ಯಾಲಯವಿದೆ. ಅಕ್ಕಲಕೋಟೆ, ಜತ್ತ, ದಕ್ಷಿಣ ಸೊಲ್ಲಾಪುರಗಳ ಎಷ್ಟೋ ಹಳ್ಳಿಗಳಲ್ಲಿ ಮನೆಯ ಮಾತು ಕನ್ನಡ, ಕಚೇರಿಯ ಕಾಗದ ಮರಾಠಿ. ಇದರಲ್ಲಿ ನೆರೆಹೊರೆಯ ಮರಾಠಿ ಬಂಧುಗಳ ತಪ್ಪೇನೂ ಇಲ್ಲ. ಅವರೊಡನೆ ನಾವು ಸುಖವಾಗಿಯೇ ಬಾಳಿದ್ದೇವೆ. ಆದರೆ ಮನೆಗೂ ಕಚೇರಿಗೂ ನಡುವೆ ಕನ್ನಡಕ್ಕೆ ಇಲ್ಲಿ ಉಳಿದಿರುವ ತಾಣಗಳು ಮೂರೆ: ಕನ್ನಡ ಶಾಲೆ, ಮಠ-ಗುಡಿಗಳ ಪುರಾಣ-ಭಜನೆ, ಮತ್ತು ಇಂಥ ಸಂಘ. ಶಾಲೆಗೆ ಸರಕಾರದ ಆಧಾರವುಂಟು, ಮಠಕ್ಕೆ ಭಕ್ತರ ಆಧಾರವುಂಟು. ಸಂಘಕ್ಕಾದರೋ ಸದಸ್ಯರ ಹೊರತು ಬೇರೆ ಆಧಾರವಿಲ್ಲ. ಸದಸ್ಯರು ಕಳಚಿಕೊಂಡರೆಂದರೆ ಉಳಿಯುವುದು ಬಾಗಿಲ ಮೇಲಿನ ಫಲಕ ಮಾತ್ರ. ಹೊರಗಿನವರ ದ್ವೇಷದಿಂದ ಸತ್ತ ಕನ್ನಡ ಸಂಘವನ್ನು ನಾನು ಇಷ್ಟು ವರ್ಷಗಳಲ್ಲಿ ಒಂದನ್ನೂ ಕಂಡಿಲ್ಲ. ಒಳಗಿನವರ ಮೌನದಿಂದ ಸತ್ತವನ್ನು ಬಹಳ ಕಂಡಿದ್ದೇನೆ; ಒಂದನ್ನು ನನ್ನ ಕೈಯಿಂದಲೇ ಕೊಂದಿದ್ದೇನೆ. ಆ ಕಥೆಯನ್ನು ಆಮೇಲೆ ಹೇಳುತ್ತೇನೆ.

ಮೊದಲು ದೂರದ ಒಂದು ಉದಾಹರಣೆ. ೧೮೯೪ರಲ್ಲಿ ದಕ್ಷಿಣ ಆಫ್ರಿಕೆಯ ನೆಟಾಲ್ ಸೀಮೆಯಲ್ಲಿ, ಭಾರತೀಯರ ಮತದಾನದ ಹಕ್ಕನ್ನು ಕಸಿದುಕೊಳ್ಳುವ ಮಸೂದೆ ಬಂದಾಗ, ಅಲ್ಲಿಯ ನಮ್ಮ ಜನ ಸೇರಿ ನೆಟಾಲ್ ಇಂಡಿಯನ್ ಕಾಂಗ್ರೆಸ್ ಎಂಬ ಸಂಘವನ್ನು ಕಟ್ಟಿದರು. ಅದರ ಕಾರ್ಯದರ್ಶಿ ಇಪ್ಪತ್ತನಾಲ್ಕು ವರ್ಷದ ಒಬ್ಬ ಬ್ಯಾರಿಸ್ಟರು, ಮೋಹನದಾಸ ಗಾಂಧಿ. ಅವರು ಸಮುದ್ರ ದಾಟಿ ಹೋದವರು, ನಾವು ಎಲ್ಲಿಂದಲೂ ಬಂದವರಲ್ಲ, ಇಲ್ಲಿಯವರೆ. ಆದರೂ ಸಂಖ್ಯೆಯಲ್ಲಿ ಕಡಿಮೆಯಾದವರು ಸಂಘ ಕಟ್ಟುವಾಗಿನ ಕಷ್ಟ ಎರಡೂ ಕಡೆ ಒಂದೆ. ಗಾಂಧೀಜಿ ತಮ್ಮ ಆತ್ಮಕಥೆಯಲ್ಲಿ ಆ ಸಂಘದ ವೃತ್ತಾಂತವನ್ನು ಬರೆದಿದ್ದಾರೆ. ಸತ್ಯಾಗ್ರಹದ ಅಧ್ಯಾಯಗಳನ್ನು ಓದುವವರು ಬಹಳ, ಈ ಜಮಾಖರ್ಚಿನ ಅಧ್ಯಾಯವನ್ನು ನಿಂತು ಓದುವವರು ಕಡಿಮೆ. ಸಂಘ-ಸಂಸ್ಥೆಗಳ ಕೆಲಸಕ್ಕೆ ಇಳಿಯುವವರಿಗೆ ಮಾತ್ರ ಅದೇ ಮೊದಲನೆಯ ಪಾಠವಾಗಬೇಕೆಂದು ನನ್ನ ಅಭಿಪ್ರಾಯ.

ವರ್ಗಣಿ ತಿಂಗಳಿಗೆ ಐದು ಶಿಲಿಂಗಿಗೆ ಕಡಿಮೆಯಿರಕೂಡದೆಂದು ನಿಶ್ಚಯವಾಯಿತು. ಅನುಕೂಲಸ್ಥರು ಹೆಚ್ಚು ಕೊಡಬೇಕು. ಅಬ್ದುಲ್ಲ ಸೇಠರು ತಿಂಗಳಿಗೆ ಎರಡು ಪೌಂಡೆಂದು ಬರೆದರು. ಕಾರ್ಯದರ್ಶಿ ತನ್ನ ಹೆಸರಿನ ಮುಂದೆ ಒಂದು ಪೌಂಡೆಂದು ಬರೆದುಕೊಂಡರು. ಪಟ್ಟಿಯೇನೋ ಬೆಳೆಯಿತು, ಆದರೆ ತಿಂಗಳು ತಿಂಗಳೂ ಮನೆಮನೆಗೆ ಹೋಗಿ ಎತ್ತುವುದು ಅಸಾಧ್ಯವಾಯಿತು. ಕೊನೆಗೆ ವರ್ಷಕ್ಕೆ ಮೂರು ಪೌಂಡುಗಳ ವರ್ಗಣಿಯಾಯಿತು. ಜನ ಕೊಡುವೆನೆಂದು ಹೇಳಿದ ಎಲ್ಲ ಮಾತನ್ನೂ ನಂಬಬಹುದು, ಹಣದ ಮಾತೊಂದನ್ನು ಬಿಟ್ಟು, ಎಂಬರ್ಥದ ಮಾತನ್ನು ಅವರು ಅಲ್ಲಿ ಬರೆದಿದ್ದಾರೆ. ಆದುದರಿಂದ ಕೈಗೆ ಬಾರದ ಹಣವನ್ನು ಖರ್ಚು ಮಾಡಬಾರದೆಂದು ನಿಯಮ ಮಾಡಿಕೊಂಡರು. ಸಂಘಕ್ಕೆ ಸಾಲವೆಂಬುದೇ ಹುಟ್ಟಲಿಲ್ಲ. ನಮ್ಮಲ್ಲಿ ಪೆಂಡಾಲಿನವನಿಗೆ, ಮುದ್ರಣಾಲಯದವನಿಗೆ ಬಾಕಿ ನಿಲ್ಲಿಸಿ ಉತ್ಸವ ಮಾಡುವ ಶೂರರು ಇದನ್ನು ಲಕ್ಷ್ಯದಲ್ಲಿಡಬೇಕು. ತಮ್ಮ ಸಂಘವನ್ನು ಕುರಿತು ಈ ಮಾತನ್ನು ಹೇಳಿದೆನೆಂದು ಮಾತ್ರ ಯಾರೂ ಭಾವಿಸಬಾರದು.

ಒಂದು ಊರಿನಲ್ಲಿ ನಡೆದುದು ಹೀಗೆ. ಅಲ್ಲಿಯ ಯಜಮಾನ ಮೂರು ಪೌಂಡು ಕೊಡುತ್ತೇನೆಂದ. ಇವರು ಆರು ಕೇಳಿದರು. ಅವನು ಒಪ್ಪಲೊಲ್ಲ. ಇವನಿಂದ ಮೂರನ್ನು ಸ್ವೀಕರಿಸಿದರೆ ಉಳಿದವರೂ ಅದನ್ನೇ ಮಾದರಿ ಮಾಡಿಕೊಳ್ಳುವರೆಂದು ಇವರಿಗೆ ಗೊತ್ತು. ರಾತ್ರಿಯಾಯಿತು, ಹಸಿವೆಯಾಯಿತು, ಅಡಿಗೆಯೂ ಸಿದ್ಧವಾಗಿತ್ತು; ಆರು ಪೌಂಡು ಕೊಡದೆ ಉಣ್ಣುವುದಿಲ್ಲವೆಂದು ಕುಳಿತುಬಿಟ್ಟರು. ಊರಿನ ಬೇರೆ ವ್ಯಾಪಾರಿಗಳೂ ಬಂದು ಹೇಳಿ ನೋಡಿದರು. ಇಡೀ ರಾತ್ರಿ ಹೀಗೆಯೇ ಕಳೆಯಿತು. ಕೋಪ ಬಂದರೂ ನುಂಗಿಕೊಂಡರು, ಬಿರುಸು ಮಾತಿಲ್ಲ. ಬೆಳಗಾಗುವ ಹೊತ್ತಿಗೆ ಆ ಮನುಷ್ಯ ಆರು ಪೌಂಡುಗಳನ್ನೂ ಕೊಟ್ಟ, ಊಟವನ್ನೂ ಹಾಕಿದ. ಇದನ್ನು ನಾನು ಹೇಳುವುದು ಹಣ ಎತ್ತುವ ಉಪಾಯವನ್ನು ಕಲಿಸುವುದಕ್ಕಲ್ಲ. ಒಂದು ರಾತ್ರಿಯನ್ನೆಲ್ಲ ಒಬ್ಬನೊಡನೆ ವಾದಿಸುತ್ತ ಕಳೆದ ಸಂಘವನ್ನು ಆ ಮನುಷ್ಯ ಇನ್ನು ಮರೆಯುವನೆ? ಕೊಟ್ಟವನಿಗೆ ಕೇಳುವ ಹಕ್ಕು ಬರುತ್ತದೆ. ಕೇಳುವ ಹಕ್ಕು ಬಂದವನಿಗೆ ಸಂಘ ತನ್ನದೆನಿಸುತ್ತದೆ.

ಕೇಳುವ ಹಕ್ಕಿಗೆ ಅವರು ಇಟ್ಟ ಮರ್ಯಾದೆಯೂ ಅಷ್ಟೇ ದೊಡ್ಡದು. ಎಷ್ಟು ಸಣ್ಣ ಮೊತ್ತಕ್ಕೂ ಪಾವತಿ ಕೊಡುತ್ತಿದ್ದರು, ಬೇಡವೆಂದವರಿಗೂ ಕೊಡುತ್ತಿದ್ದರು. ಮುದ್ರಣಕ್ಕೆ ದುಡ್ಡು ಸುರಿಯದೆ, ಕಚೇರಿಯಲ್ಲಿದ್ದ ಚಿಕ್ಕ ಯಂತ್ರದಲ್ಲಿಯೇ ಪಾವತಿ, ವರದಿಗಳ ಪ್ರತಿಗಳನ್ನು ತೆಗೆಯುತ್ತಿದ್ದರು. ಸಭೆ ತಿಂಗಳಿಗೊಮ್ಮೆ, ಕಾರಣವಿದ್ದಾಗ ವಾರಕ್ಕೊಮ್ಮೆ. ಹಿಂದಿನ ಸಭೆಯ ನಡವಳಿಕೆಯನ್ನು ಓದಿ, ಮೇಲೆ ಚರ್ಚೆ. ಆ ಜನರಿಗೆ ಸಭೆಯಲ್ಲಿ ಎದ್ದು ಮಾತನಾಡುವ ರೂಢಿಯೇ ಇರಲಿಲ್ಲ, ಎಲ್ಲರಿಗೂ ಸಂಕೋಚ. ಕಾರ್ಯದರ್ಶಿ ಸಭೆಯ ನಿಯಮಗಳನ್ನು ತಿಳಿಯಹೇಳಿದರು. ಸ್ವಲ್ಪ ಕಾಲದಲ್ಲಿ, ಎಂದೂ ಬಾಯಿ ತೆರೆಯದವರು ಸಾರ್ವಜನಿಕ ವಿಷಯಗಳನ್ನು ಕುರಿತು ವಿಚಾರ ಮಾಡತೊಡಗಿದರು. ಗಾಂಧೀಜಿಯ ಮೊದಲನೆಯ ಸಾರ್ವಜನಿಕ ಸೇವೆ ಯಾವುದೆಂದು ಕೇಳಿದರೆ, ಬೇರೆಯವರಿಗೆ ಮಾತನಾಡಲು ಕಲಿಸಿದುದೆಂದು ನಾನು ಹೇಳಿಯೇನು. ನಮ್ಮ ಸಂಘಗಳಲ್ಲಿ ಮುಂದಾಳುಗಳು ಮಾತನಾಡುತ್ತಾರೆ, ಸದಸ್ಯರು ಕೇಳುತ್ತಾರೆ. ಇಂದಿನ ಈ ಭಾಷಣವೂ ಅದಕ್ಕೆ ಹೊರತಲ್ಲ.

ಇಷ್ಟೆಲ್ಲ ಅಚ್ಚುಕಟ್ಟಾಗಿದ್ದ ಆ ಸಂಘದಲ್ಲಿಯೂ ಒಂದು ದೊಡ್ಡ ಕೊರತೆಯಿತ್ತು. ಒಂದು ದಿನ ಬಾಲಸುಂದರಂ ಎಂಬ ತಮಿಳು ಕೂಲಿಯವನು, ಹರಿದ ಬಟ್ಟೆ, ಕೈಯಲ್ಲಿ ರುಮಾಲು, ರಕ್ತ ಸೋರುವ ಬಾಯಿ, ಮುರಿದ ಎರಡು ಮುಂಭಾಗದ ಹಲ್ಲು, ಈ ಅವಸ್ಥೆಯಲ್ಲಿ ಅಳುತ್ತ ಗಾಂಧೀಜಿಯ ಕಚೇರಿಗೆ ಬಂದು ನಿಂತ. ಅವನ ಧಣಿ ಅವನನ್ನು ಹೊಡೆದಿದ್ದ. ಅವನನ್ನು ವೈದ್ಯರಿಗೆ ತೋರಿಸಿ, ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಿ, ಬೇರೆ ಧಣಿಯ ಕಡೆಗೆ ಅವನ ಕರಾರನ್ನು ವರ್ಗ ಮಾಡಿಸಿದ ಕಥೆ ಎಲ್ಲರಿಗೂ ಗೊತ್ತು. ಆ ಪ್ರಸಂಗದಲ್ಲಿ ಗಾಂಧೀಜಿ ಒಪ್ಪಿಕೊಂಡ ಒಂದು ಸಂಗತಿಯನ್ನು ಮಾತ್ರ ತಮ್ಮ ಮುಂದಿಡುತ್ತೇನೆ. ವ್ಯಾಪಾರಿಗಳು ಸದಸ್ಯರಾಗಿದ್ದರು, ಗುಮಾಸ್ತರು ಸದಸ್ಯರಾಗಿದ್ದರು, ಅಲ್ಲಿಯೇ ಹುಟ್ಟಿ ಬೆಳೆದ ತರುಣರು ಸದಸ್ಯರಾಗಿದ್ದರು. ಕರಾರಿನ ಕೂಲಿಯವರು ಮಾತ್ರ ಹೊರಗಿದ್ದರು. ವರ್ಷಕ್ಕೆ ಮೂರು ಪೌಂಡು ಅವರು ಎಲ್ಲಿಂದ ತರಬೇಕು? ಸಂಘ ಇನ್ನೂ ಅವರದಾಗಿರಲಿಲ್ಲವೆಂದು ಗಾಂಧೀಜಿ ನೇರವಾಗಿ ಬರೆಯುತ್ತಾರೆ. ಎಲ್ಲ ಭಾರತೀಯರ ಹೆಸರನ್ನು ಹೊತ್ತ ಸಂಘ, ಹೆಚ್ಚು ಕಷ್ಟದಲ್ಲಿದ್ದ ಭಾರತೀಯರದ್ದೇ ಆಗಿರಲಿಲ್ಲ. ಸಂಘದ ಹೆಸರಿನಲ್ಲಿ ಯಾರಿದ್ದಾರೆ, ಸಂಘದ ಪಟ್ಟಿಯಲ್ಲಿ ಯಾರಿದ್ದಾರೆ ಎಂಬ ಈ ಎರಡು ಪ್ರಶ್ನೆಗಳನ್ನು ಒಟ್ಟಿಗೆ ಕೇಳುವ ಧೈರ್ಯ ಎಷ್ಟು ಸಂಘಗಳಿಗಿದೆ?

ಈಗ ನನ್ನ ಕಥೆಯನ್ನು ಹೇಳುವ ಹೊತ್ತು ಬಂದಿತು. ಊರಿನ ಹೆಸರನ್ನು ಕೇಳಬೇಡಿರಿ; ಈ ಸಭೆಯಲ್ಲಿರುವ ಹಿರಿಯರಲ್ಲಿ ಕೆಲವರು ಊಹಿಸಬಲ್ಲರು, ಅವರು ದಯಮಾಡಿ ಸುಮ್ಮನಿರಬೇಕು. ನಾನು ಆ ಊರಿನಲ್ಲಿ ಶಾಲಾ ಮಾಸ್ತರನಾಗಿದ್ದಾಗ ಅಲ್ಲೊಂದು ಕನ್ನಡ ವಾಚನಾಲಯವನ್ನು ಕಟ್ಟಿದೆವು. ಹನ್ನೊಂದು ಮಂದಿ ಸ್ಥಾಪಕರು, ನಾನು ಕಾರ್ಯದರ್ಶಿ. ಮೊದಲ ನಾಲ್ಕೈದು ವರ್ಷ ಸರ್ವಸಾಧಾರಣ ಸಭೆಗೆ ಜನ ಪಡಸಾಲೆ ತುಂಬಿ ಹೊರಗಿನ ಕಟ್ಟೆಯ ಮೇಲೂ ಕೂಡುತ್ತಿದ್ದರು. ಅಂಥ ಒಂದು ಸಭೆಯಲ್ಲಿ, ಮಗ್ಗದ ಕೆಲಸ ಮಾಡುವ ಒಬ್ಬ ಸದಸ್ಯ ಹಿಂದಿನಿಂದ ಎದ್ದು ನಿಂತು ಒಂದು ಪ್ರಶ್ನೆ ಕೇಳಿದ. ಪತ್ರಿಕೆಗಳಿಗೆಂದು ಎತ್ತಿದ ಹಣದಲ್ಲಿ ಅತಿಥಿಗಳಿಗೆ ಶಾಲು ಹೊದಿಸಿದ್ದೇಕೆ ಎಂಬುದು ಪ್ರಶ್ನೆ. ಮೊತ್ತ ದೊಡ್ಡದಲ್ಲ, ಪ್ರಶ್ನೆ ನ್ಯಾಯವಾದದ್ದು, ಉತ್ತರವೂ ಇತ್ತು. ಆದರೆ ನಮ್ಮ ಅಧ್ಯಕ್ಷರಿಗೆ ಮುಖ ಕಪ್ಪಿಟ್ಟಿತು. ಊರಿಗೆ ಹಿರಿಯರಾದ ಅವರನ್ನು ಹೀಗೆ ಕೇಳುವುದೆ? ನನಗೂ ಹಾಗೆಯೇ ಅನಿಸಿತು. ಮುಂದಿನ ವರ್ಷ ಸಭೆಯ ಸೂಚನೆಯನ್ನು ಎಲ್ಲರಿಗೂ ಕಳಿಸಲಿಲ್ಲ. ಅದರ ಮುಂದಿನ ವರ್ಷ ಸಭೆಯೇ ಆಗಲಿಲ್ಲ; ನಡವಳಿಕೆಯನ್ನು ಮಾತ್ರ ನಾನು ಮನೆಯಲ್ಲಿ ಕುಳಿತು ಬರೆದೆ. ‘ಸರ್ವಾನುಮತದಿಂದ ಅಂಗೀಕೃತವಾಯಿತು’ ಎಂದು ಬರೆದು, ಪುಸ್ತಕವನ್ನು ಹುಡುಗನ ಕೈಯಲ್ಲಿ ಕೊಟ್ಟು ಮನೆಮನೆಗೆ ಕಳಿಸಿ ಸಹಿ ತರಿಸಿದೆ. ಎಷ್ಟು ಸುಲಭವಾಗಿತ್ತೆಂದರೆ, ಮುಂದೆ ಹದಿನಾಲ್ಕು ವರ್ಷ ಅದನ್ನೇ ಮಾಡಿದೆ. ನನ್ನ ಅಕ್ಷರ ಮುತ್ತಿನಂತಿದೆಯೆಂದು ಎಲ್ಲರೂ ಹೊಗಳುತ್ತಿದ್ದರು.

ವಾಚನಾಲಯದ ನಿವೇಶನವನ್ನು ಊರಿನ ಒಬ್ಬ ಗೌಡರು ಬಾಯಿಮಾತಿನಲ್ಲಿ ದಾನವಾಗಿ ಕೊಟ್ಟಿದ್ದರು. ಕಾಗದವನ್ನು ‘ಸದ್ಯಕ್ಕೆ’ ಅಧ್ಯಕ್ಷರ ಹೆಸರಿನಲ್ಲಿ ಮಾಡಿಸಿದ್ದೆವು. ಆ ಸದ್ಯವೆಂಬುದು ಅಧ್ಯಕ್ಷರ ಆಯುಷ್ಯದಷ್ಟು ಉದ್ದವಾಯಿತು. ಅವರು ತೀರಿಕೊಂಡ ಮೇಲೆ ಅವರ ಮಕ್ಕಳು ಆಸ್ತಿಯನ್ನು ಹಂಚಿಕೊಂಡರು, ನಿವೇಶನವನ್ನು ಮಾರಿದರು. ಅವರನ್ನು ಕೆಟ್ಟವರೆಂದು ನಾನು ಹೇಳಲಾರೆ. ಅವರ ತಂದೆಯ ಹೆಸರಿನಲ್ಲಿದ್ದ ಭೂಮಿ, ಅವರು ಮಾರಿದರು. ತಕರಾರು ಮಾಡಲು ಸಂಘದವರೆಂದು ಯಾರೂ ಬರಲಿಲ್ಲ. ಬರಬೇಕಾದವರಿಗೆ ನಾನು ಹದಿನಾಲ್ಕು ವರ್ಷಗಳಿಂದ ಸೂಚನೆಯನ್ನೇ ಕಳಿಸಿರಲಿಲ್ಲ. ಪುಸ್ತಕಗಳನ್ನು ಗೋಣಿಚೀಲಗಳಲ್ಲಿ ತುಂಬಿ ಒಂದು ಗುಡಿಯ ಹಿಂದಿನ ಕೋಣೆಯಲ್ಲಿ ಇರಿಸಿದೆವು. ಎರಡು ಮಳೆಗಾಲ ಕಳೆದ ಮೇಲೆ ತೆರೆದು ನೋಡಿದರೆ, ಗೆದ್ದಲು ತಿಂದು ಉಳಿದದ್ದು ರಟ್ಟು ಮತ್ತು ಮಣ್ಣು.

ಬಹಳ ವರ್ಷಗಳ ನಂತರ ಆ ಮಗ್ಗದ ಸದಸ್ಯ ಸೊಲ್ಲಾಪುರದ ಬಸ್ ನಿಲ್ದಾಣದಲ್ಲಿ ನನಗೆ ಸಿಕ್ಕಿದ. ನಾನೇ ಹಳೆಯ ಮಾತನ್ನು ತೆಗೆದು, ಅಂದು ನಿನ್ನ ಮೇಲೆ ಸಿಟ್ಟಾದುದು ತಪ್ಪಾಯಿತೆಂದೆ. ಅವನು ನಕ್ಕು ಹೇಳಿದ ಮಾತನ್ನು ಅವನ ಬಾಯಲ್ಲಿ ಬಂದಂತೆಯೇ ಹೇಳುತ್ತೇನೆ: ‘ಗುರುಗಳ, ವಾಚನಾಲಯ ನಮ್ದ ಐತಿ ಅಂತ ತಿಳಕೊಂಡ ಕೇಳಿದ್ದೆ. ನಮ್ದಲ್ಲ ಅಂತ ಆಮ್ಯಾಲ ಗೊತ್ತಾತು.’

ಕೂಲಿಯವರ ವಿಷಯದಲ್ಲಿ ಗಾಂಧೀಜಿ ತಾವಾಗಿ ಕಂಡುಕೊಂಡ ಮಾತನ್ನು ನನಗೆ ಬಸ್ ನಿಲ್ದಾಣದಲ್ಲಿ ಇನ್ನೊಬ್ಬರು ಹೇಳಬೇಕಾಯಿತು.

ಕಾಯಿದೆಯೆಂದರೆ ನಮ್ಮ ಸಂಘಗಳವರಿಗೆ ಒಂದು ಬಗೆಯ ತಾತ್ಸಾರವಿದೆ. ಅದು ವಕೀಲರ ವಿಷಯ, ವರ್ಷಕ್ಕೊಮ್ಮೆ ಸಹಿ ಹಾಕಿದರಾಯಿತು ಎಂಬ ಭಾವನೆ. ೧೮೬೦ರ ಸಂಘಗಳ ನೋಂದಣಿ ಕಾಯಿದೆಯನ್ನು ಒಮ್ಮೆ ಓದಿ ನೋಡಿರಿ. ಇಪ್ಪತ್ತೇ ಕಲಮುಗಳ ಚಿಕ್ಕ ಕಾಯಿದೆ. ಏಳು ಮಂದಿ ಸೇರಿದರೆ ಸಂಘವಾಗಬಹುದೆಂದು ಅದು ಹೇಳುತ್ತದೆ. ಒಬ್ಬ ದೊಡ್ಡ ಮನುಷ್ಯ ಮತ್ತು ಅವನ ಆರು ಮಂದಿ ನೆರಳುಗಳು ಎಂದು ಅದರ ಅರ್ಥವಲ್ಲ. ಸಂಘದ ಉದ್ದೇಶಗಳನ್ನು ಬದಲಿಸಬೇಕಾದರೆ ಒಂದು ತಿಂಗಳ ಅಂತರದಲ್ಲಿ ಎರಡು ವಿಶೇಷ ಸಭೆಗಳಾಗಬೇಕು, ಎರಡರಲ್ಲಿಯೂ ಐದರಲ್ಲಿ ಮೂರು ಪಾಲು ಮತ ಬೀಳಬೇಕು. ಸಂಘ ವಿಸರ್ಜನೆಯಾದರೂ ಅದರ ಆಸ್ತಿಯನ್ನು ಸದಸ್ಯರು ಹಂಚಿಕೊಳ್ಳುವಂತಿಲ್ಲ. ಮೂರು ತಿಂಗಳು ಮೀರಿ ವರ್ಗಣಿ ಬಾಕಿಯಿಟ್ಟವನಿಗೆ ಮತವಿಲ್ಲವೆಂಬ ಕಲಮೂ ಅದರಲ್ಲಿದೆ. ಈ ಕೊನೆಯ ಕಲಮನ್ನು ಕೆಲವು ಕಾರ್ಯದರ್ಶಿಗಳು ಚೆನ್ನಾಗಿ ಬಲ್ಲರು. ಚುನಾವಣೆಯ ವರ್ಷ ತಮಗೆ ಬೇಕಾದವರಿಂದ ಮಾತ್ರ ವರ್ಗಣಿಯನ್ನು ಎತ್ತಿ, ಬೇಡವಾದವರನ್ನು ಬಾಕಿದಾರರನ್ನಾಗಿ ಮಾಡುವ ಜಾಣತನವನ್ನು ನಾನು ಕಣ್ಣಾರೆ ಕಂಡಿದ್ದೇನೆ. ಕಾಯಿದೆ ಬಾಗಿಲನ್ನು ಇಟ್ಟಿದೆ. ಅಗಳಿ ಮನುಷ್ಯನ ಕೈಯಲ್ಲಿದೆ.

ಮಹಾರಾಷ್ಟ್ರದಲ್ಲಿರುವ ನಮಗೆ ಇನ್ನೊಂದು ರಕ್ಷಣೆಯೂ ಉಂಟು. ೧೯೫೦ರ ಮುಂಬಯಿ ಸಾರ್ವಜನಿಕ ವಿಶ್ವಸ್ತ ಸಂಸ್ಥೆಗಳ ಕಾಯಿದೆಯ ಹೆಸರಿನಲ್ಲಿ ಇಂದು ಮುಂಬಯಿಯ ಬದಲು ಮಹಾರಾಷ್ಟ್ರವೆಂದಾಗಿದೆ; ತಿರುಳು ಅದೆ. ಕಾರ್ಯಕಾರಿ ಮಂಡಳದಲ್ಲಿ ಬದಲಾವಣೆಯಾದರೆ ತೊಂಬತ್ತು ದಿನಗಳೊಳಗೆ ಧರ್ಮಾದಾಯ ಆಯುಕ್ತರ ಕಚೇರಿಗೆ ತಿಳಿಸಬೇಕು. ಸಂಸ್ಥೆಯ ಸ್ಥಿರಾಸ್ತಿಯನ್ನು ಅವರ ಅನುಮತಿಯಿಲ್ಲದೆ ಮಾರಕೂಡದು. ನಮ್ಮ ವಾಚನಾಲಯದ ನಿವೇಶನ ಸಂಸ್ಥೆಯ ಹೆಸರಿನಲ್ಲಿದ್ದಿದ್ದರೆ ಆ ಮಾರಾಟ ಅಷ್ಟು ಸುಲಭವಾಗಿ ನಡೆಯುತ್ತಿರಲಿಲ್ಲ. ನಾನು ಬದಲಾವಣೆಯ ವರದಿಯನ್ನು ಒಮ್ಮೆಯೂ ಸಲ್ಲಿಸಲಿಲ್ಲ. ಆ ಕಚೇರಿಯ ಪುಸ್ತಕದಲ್ಲಿ ನಮ್ಮ ವಾಚನಾಲಯವನ್ನು, ಸ್ವರ್ಗಸ್ಥರಾದ ಎಂಟು ಮಂದಿ ಇನ್ನೂ ನಡೆಸುತ್ತಿರಬೇಕು. ತಾವು ನಗುತ್ತೀರಿ; ತಮ್ಮ ತಮ್ಮ ಊರಿನ ಸಂಸ್ಥೆಗಳ ದಾಖಲೆಯನ್ನು ಒಮ್ಮೆ ತೆಗೆಸಿ ನೋಡಿರಿ.

ಇದೆಲ್ಲ ಆಂಗ್ಲರ ಕಾಯಿದೆಯಿಂದ ಬಂದ ಹೊಸ ಪದ್ಧತಿ, ನಮ್ಮ ಸಂಪ್ರದಾಯದಲ್ಲಿ ಹಿರಿಯರು ಹೇಳಿದುದೇ ಕಾನೂನು, ಎನ್ನುವವರಿದ್ದಾರೆ. ನಮ್ಮ ಶಾಸನಗಳು ಹಾಗೆ ಹೇಳುವುದಿಲ್ಲ. ಲೊಕ್ಕಿಗುಂಡಿಯ ಸಾಸಿರ್ವರು ಮಹಾಜನರೆಂದೂ ಅಯ್ಯಾವೊಳೆಯ ಐನೂರ್ವರೆಂದೂ ಶಾಸನಗಳಲ್ಲಿ ಕಾಣುತ್ತೇವೆ. ದಾನದ ರಕ್ಷಣೆಯ ಹೊಣೆ ಅನೇಕ ಸಲ ಒಬ್ಬನ ಕೈಯಲ್ಲಿರದೆ ಇಂಥ ಸಮೂಹದ ಕೈಯಲ್ಲಿತ್ತು. ಆದರೆ ಆ ಎಣಿಕೆಯ ಹೊರಗೆ ಹೆಂಗಸರೂ ಒಕ್ಕಲಿಗರೂ ಕೂಲಿಯವರೂ ಉಳಿದಿದ್ದರೆಂಬುದನ್ನು ಮರೆತು ಹಳೆಯದನ್ನು ಕೊಂಡಾಡುವುದು ನನಗೆ ಸೇರದು. ನಮ್ಮ ಸೊಲ್ಲಾಪುರದ ಸಿದ್ಧರಾಮನನ್ನು ನೆನೆಯುವುದು ಹೆಚ್ಚು ಒಳಿತು. ಜನರನ್ನು ಕೂಡಿಸಿ ಕೆರೆಯನ್ನು ತೋಡಿಸಿದ ಶರಣನೆಂದು ಇಂದಿಗೂ ಜನ ಅವನನ್ನು ನೆನೆಯುತ್ತಾರೆ. ಕೆರೆಗೆ ಬುಟ್ಟಿ ಮಣ್ಣು ಹೊತ್ತವನಿಗೆ ಆ ಕೆರೆ ಯಾರದೆಂದು ಯಾರೂ ಹೇಳಿಕೊಡಬೇಕಾಗಿಲ್ಲ.

ಆಜೀವ ಸದಸ್ಯರೆಂಬ ಶಬ್ದವನ್ನು ಕುರಿತು ಒಂದು ಮಾತು. ೧೮೮೪ರಲ್ಲಿ ಪುಣೆಯಲ್ಲಿ ತಿಲಕರು, ಆಗರಕರರು ಮೊದಲಾದವರು ಡೆಕ್ಕನ್ ಎಜ್ಯುಕೇಶನ್ ಸೊಸಾಯಿಟಿಯನ್ನು ಸ್ಥಾಪಿಸಿದಾಗ, ಆಜೀವ ಸದಸ್ಯನೆಂದರೆ ಅಲ್ಪ ಸಂಬಳಕ್ಕೆ ತನ್ನ ಬದುಕಿನ ಇಪ್ಪತ್ತು ವರ್ಷಗಳನ್ನು ಸಂಸ್ಥೆಗೆ ಒಪ್ಪಿಸಿದ ಅಧ್ಯಾಪಕ. ಕಲಿಸುವವರೇ ಕೂಡಿ ಸಂಸ್ಥೆಯನ್ನು ಆಳುವ ಪದ್ಧತಿ ಅದು. ೧೯೧೬ರಲ್ಲಿ ಬೆಳಗಾವಿಯಲ್ಲಿ ಏಳು ಮಂದಿ ಶಿಕ್ಷಕರು ಕಟ್ಟಿದ ಕೆ. ಎಲ್. ಇ. ಸಂಸ್ಥೆಯ ಮೂಲದಲ್ಲಿಯೂ ಅಂಥದೇ ತ್ಯಾಗವಿತ್ತು. ಇಂದು ನಮ್ಮ ಸಂಘಗಳಲ್ಲಿ ಆಜೀವ ಸದಸ್ಯನೆಂದರೆ ಒಮ್ಮೆ ಹಣ ಕೊಟ್ಟು, ಆಮೇಲೆ ಜೀವವಿರುವವರೆಗೆ ಬಾರದವನು! ಪುಣೆಯ ಆ ಸಂಸ್ಥೆಯಲ್ಲಿ ಜಗಳಗಳೂ ಆದವು. ಸದಸ್ಯರು ಹೊರಗೆ ಸಂಪಾದಿಸಬಹುದೆ, ಕೂಡದೆ ಎಂಬ ಪ್ರಶ್ನೆ ಬೆಳೆದು ೧೮೯೦ರಲ್ಲಿ ತಿಲಕರೇ ರಾಜೀನಾಮೆ ಕೊಟ್ಟು ಹೊರಬಂದರು. ಅಂಥ ಪುರುಷನನ್ನು ಕಳೆದುಕೊಂಡುದು ಸಣ್ಣ ನಷ್ಟವಲ್ಲ. ಆದರೂ ಸಂಸ್ಥೆ ನಿಂತಿತು, ಇಂದಿಗೂ ನಿಂತಿದೆ.

ಗಾಂಧೀಜಿಗೂ ಇದೇ ಅನುಭವವಾಯಿತು. ೧೯೧೩ರಲ್ಲಿ ನೆಟಾಲ್ ಕಾಂಗ್ರೆಸ್ಸಿನ ಅಂದಿನ ಕಾರ್ಯದರ್ಶಿಗಳಿಗೂ ಅವರಿಗೂ ಮತಭೇದ ಬಂದಿತು. ತಾವು ಕಟ್ಟಿದ ಸಂಘ ತಮ್ಮ ಜೊತೆಗೆ ಬರಲಿಲ್ಲ. ಅವರ ಬೆಂಬಲಿಗರು ನೆಟಾಲ್ ಇಂಡಿಯನ್ ಅಸೋಸಿಯೇಷನ್ ಎಂಬ ಬೇರೆ ಸಂಘವನ್ನು ಕಟ್ಟಿಕೊಂಡರು. ಆ ವರ್ಷವೇ ನೆಟಾಲಿನ ಕೂಲಿಯವರು ಸಾವಿರಾರು ಸಂಖ್ಯೆಯಲ್ಲಿ ಕೆಲಸ ನಿಲ್ಲಿಸಿ ಗಾಂಧೀಜಿಯ ಹಿಂದೆ ನಡೆದರು. ಯಾರಿಗೆ ಸಂಘ ತಮ್ಮದಾಗಿರಲಿಲ್ಲವೋ ಅವರೇ ಕಡೆಗೆ ಆ ಹೋರಾಟವನ್ನು ಹೊತ್ತರು. ಸ್ಥಾಪಕನೆಂಬ ಕಾರಣದಿಂದ ಸಂಘ ಸ್ಥಾಪಕನ ಸ್ವತ್ತಾಗುವುದಿಲ್ಲ. ‘ಅವರಿಲ್ಲದಿದ್ದರೆ ಸಂಘವೇ ಇಲ್ಲ’ ಎಂದು ನಮ್ಮಲ್ಲಿ ಅಧ್ಯಕ್ಷರನ್ನು ಹೊಗಳುವ ರೂಢಿಯಿದೆ. ಅದು ಹೊಗಳಿಕೆಯಲ್ಲ, ಆರೋಪ. ಇಪ್ಪತ್ತು ವರ್ಷ ದುಡಿದ ಮನುಷ್ಯ ತನ್ನ ಸ್ಥಾನದಲ್ಲಿ ಕೂಡಬಲ್ಲ ಒಬ್ಬನನ್ನೂ ತಯಾರಿಸದಿದ್ದರೆ ಆ ದುಡಿಮೆಯಲ್ಲಿ ಎಲ್ಲಿಯೋ ದೋಷವಿದೆ. ತಮ್ಮ ಅಧ್ಯಕ್ಷರು ನನ್ನ ಹಳೆಯ ಗೆಳೆಯರು. ಮುಂದಿನ ಸಲ ತಾವು ನಿಲ್ಲುವುದಿಲ್ಲವೆಂದು ಅವರು ಮಧ್ಯಾಹ್ನ ಊಟದ ಹೊತ್ತಿನಲ್ಲಿ ನನಗೆ ಹೇಳಿದರು. ಈ ಮಾತನ್ನು ಸಭೆಯಲ್ಲಿ ಹೇಳಲು ಅವರ ಅನುಮತಿಯನ್ನು ಪಡೆದಿದ್ದೇನೆ. ದಯವಿಟ್ಟು ಯಾರೂ ಅವರನ್ನು ಒತ್ತಾಯಪಡಿಸಬಾರದು.

ಸಂಘಕ್ಕೆ ಸ್ವಂತ ಕಟ್ಟಡವಾಗಬೇಕೆಂದು ತಾವು ಸಂಕಲ್ಪಿಸಿದ್ದೀರಿ. ನಾನು ಅದಕ್ಕೆ ವಿರೋಧಿಯಲ್ಲ. ಆದರೆ ನೆಟಾಲಿನ ಕಥೆಯ ಉಳಿದ ಭಾಗವನ್ನು ಹೇಳಲೇಬೇಕು. ಅಲ್ಲಿಯ ಸಂಘದ ಬಳಿ ಸುಮಾರು ಐದು ಸಾವಿರ ಪೌಂಡು ಕೂಡಿತು. ಸ್ಥಿರವಾದ ಆಸ್ತಿಯನ್ನು ಕೊಂಡು, ಅದರ ಬಾಡಿಗೆಯಿಂದ ಸಂಘವನ್ನು ನಡೆಸಬೇಕೆಂದು ಗಾಂಧೀಜಿಯೇ ಆಸ್ತಿ ಮಾಡಿಸಿದರು, ನಂಬಿಕೆಯ ವಿಶ್ವಸ್ತರನ್ನೂ ನೇಮಿಸಿದರು. ಅವರು ಆ ದೇಶವನ್ನು ಬಿಟ್ಟು ಬಂದ ಮೇಲೆ ಆ ಆಸ್ತಿಯೇ ಒಳಜಗಳಕ್ಕೆ ಮೂಲವಾಗಿ, ಬಾಡಿಗೆಯ ಹಣ ನ್ಯಾಯಾಲಯದಲ್ಲಿ ಹೋಗಿ ಕೂಡತೊಡಗಿತು. ಸಾರ್ವಜನಿಕ ಸಂಸ್ಥೆ ಸ್ಥಿರನಿಧಿಯ ಮೇಲೆ ಬದುಕಬಾರದು, ವರ್ಷವರ್ಷವೂ ಜನರ ಬಳಿಗೆ ಹೋಗಿ ಕೇಳಿ ಬದುಕಬೇಕು ಎಂಬ ನಿರ್ಣಯಕ್ಕೆ ಅವರು ಬಂದರು. ಜನ ಕೊಡದಿದ್ದರೆ ಆ ಸಂಸ್ಥೆ ಜನರಿಗೆ ಬೇಡವಾಗಿದೆಯೆಂದೇ ತಿಳಿಯತಕ್ಕದ್ದು. ಕಟ್ಟಡವಿಲ್ಲದೆ ನಡೆಯಲಾರದ ಸಂಸ್ಥೆಗಳಿಗೆ ಕಟ್ಟಡ ಬೇಡವೆಂದು ತಮ್ಮ ಅರ್ಥವಲ್ಲವೆಂದೂ ಅವರು ಸ್ಪಷ್ಟಪಡಿಸಿದ್ದಾರೆ. ನಿತ್ಯದ ಖರ್ಚು ಮಾತ್ರ ವರ್ಗಣಿಯಿಂದಲೇ ಬರಬೇಕು. ಕರ್ನಾಟಕ ಸರಕಾರದ ಅನುದಾನಕ್ಕೆ ಅರ್ಜಿ ಹಾಕುವವರೂ ಇದನ್ನು ನೆನಪಿಡಬೇಕು. ಬೆಂಗಳೂರಿನಿಂದ ಬರುವ ಹಣವನ್ನು ಬೇಡವೆನ್ನುವಷ್ಟು ಶ್ರೀಮಂತರು ನಾವಲ್ಲ. ಆದರೆ ಅನುದಾನ ಬಂದ ವರ್ಷವೇ ವರ್ಗಣಿ ಎತ್ತುವುದನ್ನು ಬಿಟ್ಟರೆ, ಕಾರ್ಯದರ್ಶಿಯ ಮುಖ ಬೆಂಗಳೂರಿನ ಕಡೆಗೆ, 
ಬೆನ್ನು ಸದಸ್ಯರ ಕಡೆಗೆ ಆಗುವುದು ನಿಶ್ಚಯ.

ಇನ್ನು ಶಾಲೆಯ ಮಾತು. ೨೦೦೯ರ ಶಿಕ್ಷಣ ಹಕ್ಕಿನ ಕಾಯಿದೆಯಂತೆ ಜಿಲ್ಲಾ ಪರಿಷತ್ತಿನ ಪ್ರತಿಯೊಂದು ಶಾಲೆಗೂ ಒಂದು ವ್ಯವಸ್ಥಾಪನ ಸಮಿತಿ ಇರಬೇಕು. ಅದರಲ್ಲಿ ನಾಲ್ಕರಲ್ಲಿ ಮೂರು ಪಾಲು ಮಕ್ಕಳ ತಂದೆತಾಯಿಗಳು, ಅರ್ಧದಷ್ಟು ಹೆಂಗಸರು ಇರಲೇಬೇಕು. ಶಾಲೆ ನಡೆಯುವ ರೀತಿಯನ್ನು ನೋಡಿಕೊಳ್ಳುವುದು, ಅಭಿವೃದ್ಧಿಯ ಯೋಜನೆಯನ್ನು ಸಿದ್ಧಪಡಿಸುವುದು, ಅನುದಾನದ ಖರ್ಚನ್ನು ಪರೀಕ್ಷಿಸುವುದು ಅದರ ಕೆಲಸ. ಕನ್ನಡ ಶಾಲೆಗೆ ಶಿಕ್ಷಕರಿಲ್ಲವೆಂದು ನಾವು ಮನವಿಗಳ ಮೇಲೆ ಮನವಿ ಬರೆಯುತ್ತೇವೆ. ಆ ಶಾಲೆಯ ಸಮಿತಿಯ ಸಭೆ ಎಂದು ನಡೆಯಿತೆಂದು ಕೇಳಿದರೆ ತಲೆ ಕೆರೆದುಕೊಳ್ಳುತ್ತೇವೆ. ಅಲ್ಲಿಯೂ ಪುಸ್ತಕ ಮನೆಮನೆಗೆ ಹೋಗಿ ಸಹಿಯಾಗಿ ಬರುವುದುಂಟು. ಹೆಬ್ಬೆಟ್ಟು ಒತ್ತಿದ ತಾಯಿಗೆ ತಾನೊಂದು ಸಮಿತಿಯ ಸದಸ್ಯೆಯೆಂಬುದೇ ತಿಳಿದಿರುವುದಿಲ್ಲ. ನೆಟಾಲಿನ ಕಾರ್ಯದರ್ಶಿ ವ್ಯಾಪಾರಿಗಳಿಗೆ ಸಭೆಯ ನಿಯಮಗಳನ್ನು ಕಲಿಸಿದಂತೆ, ಈ ತಾಯಂದಿರನ್ನು ಕೂಡಿಸಿ ಅವರ ಅಧಿಕಾರವೇನೆಂದು ಕನ್ನಡದಲ್ಲಿ ಓದಿ ಹೇಳುವ ಕೆಲಸವನ್ನು ತಮ್ಮ ಸಂಘ ಈ ವರ್ಷ ಕೈಗೊಂಡರೆ, ನಾನು ಅದನ್ನು ಕವಿಸಮ್ಮೇಳನಕ್ಕಿಂತ ಕಡಿಮೆಯೆಂದು ತಿಳಿಯುವುದಿಲ್ಲ. ಕವಿಮಿತ್ರರು ಕ್ಷಮಿಸಬೇಕು.

ನಿನ್ನೆ ಸಂಜೆ ತಮ್ಮ ಸದಸ್ಯರ ಪಟ್ಟಿಯನ್ನು ಕಾರ್ಯದರ್ಶಿಗಳು ನನಗೆ ತೋರಿಸಿದರು. ಹೀಗೆ ತೋರಿಸಿದುದೇ ಅವರ ಒಳ್ಳೆಯತನಕ್ಕೆ ಸಾಕ್ಷಿ. ಅದರಲ್ಲಿ ಶಿಕ್ಷಕರಿದ್ದಾರೆ, ವಕೀಲರಿದ್ದಾರೆ, ಅಂಗಡಿಕಾರರಿದ್ದಾರೆ. ಹೆಂಗಸರ ಹೆಸರುಗಳು ಬೆರಳೆಣಿಕೆಯಷ್ಟು. ಕಬ್ಬು ಕಡಿಯಲು ಹೋಗುವವರ, ಕುರಿ ಕಾಯುವವರ ಹೆಸರು ಒಂದೂ ಇಲ್ಲ. ಈ ಸೀಮೆಯಲ್ಲಿ ಕನ್ನಡವನ್ನು ಕಲಬೆರಕೆಯಿಲ್ಲದೆ ಆಡುವವರು ಅವರೆ ಅಲ್ಲವೆ? ಈಗಿರುವ ವರ್ಗಣಿಯನ್ನು ಅವರಿಗೆ ಕೊಡಲಾಗದು. ಕೊಡಬಲ್ಲವರಿಗೆ ಹೆಚ್ಚು, ಕೊಡಲಾರದವರಿಗೆ ಒಂದು ದಿನದ ಚಹದ ಖರ್ಚಿನಷ್ಟು ಎಂದು ಎರಡು ತರಗತಿ ಮಾಡಿ, ಮತ ಮಾತ್ರ ಇಬ್ಬರಿಗೂ ಒಂದೇ ಎಂದು ಠರಾವು ಮಾಡಲು ಅಡ್ಡಿಯೇನು? ಸಭೆಯನ್ನು ರವಿವಾರ ಮುಂಜಾನೆಯ ಬದಲು, ಸುಗ್ಗಿ ಮುಗಿದ ಮೇಲೆ, ಸಾಯಂಕಾಲ ದೀಪ ಹಚ್ಚಿದ ಹೊತ್ತಿಗೆ ಕರೆದರೆ ಯಾರು ಬರುತ್ತಾರೆಂದು ಒಮ್ಮೆ ನೋಡಬಾರದೆ? ತರುಣರು ಬರುವುದಿಲ್ಲವೆಂಬ ದೂರು ಎಲ್ಲೆಡೆಯೂ ಇದೆ. ಅವರಿಗೆ ಕುರ್ಚಿ ಹೊರುವ, ತೋರಣ ಕಟ್ಟುವ ಕೆಲಸವನ್ನು ಕೊಡುತ್ತೇವೆ. ಕೀರ್ದಿ ಬರೆಯುವ ಕೆಲಸವನ್ನು ಕೊಟ್ಟಿದ್ದೇವೆಯೆ? ಕೈಯಲ್ಲಿಯ ಫೋನಿನ ಗುಂಪಿನಲ್ಲಿ ಸುದ್ದಿ ಹಾಕಿದರೆ ಸೂಚನೆ ಮುಟ್ಟಿತೆಂದು ತಿಳಿಯುವವರಿಗೂ ಒಂದು ಮಾತು: ಅಲ್ಲಿ ಕೈಮುಗಿದ ಚಿತ್ರ ಹಾಕಿದವರೆಲ್ಲ ಸಭೆಗೆ ಬಂದವರಾಗುವುದಿಲ್ಲ.

ನನ್ನ ಮಾತು ದೀರ್ಘವಾಯಿತು. ನಾಳೆ ಮಧ್ಯಾಹ್ನ ಮೂರು ಗಂಟೆಗೆ, ಇದೇ ಚಪ್ಪರದಲ್ಲಿ ಸರ್ವಸಾಧಾರಣ ಸಭೆ ಇದೆಯೆಂದು ಕಾರ್ಯಕ್ರಮ ಪತ್ರಿಕೆಯಲ್ಲಿ ಸಣ್ಣ ಅಕ್ಷರಗಳಲ್ಲಿ ಅಚ್ಚಾಗಿದೆ. ಜಮಾಖರ್ಚಿನ ಪುಸ್ತಕವನ್ನೂ ಪಾವತಿಗಳ ಕಟ್ಟನ್ನೂ ಎರಡು ಗಂಟೆಯಿಂದಲೇ ಮೇಜಿನ ಮೇಲೆ ಇಡುವುದಾಗಿ ಕಾರ್ಯದರ್ಶಿಗಳು ಒಪ್ಪಿದ್ದಾರೆ. ಯಾರು ಬೇಕಾದರೂ ತಿರುವಿ ನೋಡಬಹುದು. ನಾನು ತಮ್ಮ ಸಂಘದ ಸದಸ್ಯನಲ್ಲ; ಆದರೂ ನನ್ನ ಬಸ್ಸು ಆರು ಗಂಟೆಗೆ ಇರುವುದರಿಂದ, ಅಪ್ಪಣೆಯಾದರೆ ಹಿಂದಿನ ಜಮಖಾನೆಯ ಮೇಲೆ ಕುಳಿತು, ಮೊದಲನೆಯ ಪ್ರಶ್ನೆಯನ್ನು ಕೇಳುವವರು ಯಾರೆಂದು ನೋಡಿಕೊಂಡು ಹೋಗುತ್ತೇನೆ.